ಡಿಕ್ಕಿ ತಳದಾಗ ಸಿಕ್ಕ ಸಣ್ಣ ಚೀಲ ಗುಜರಿಗೆ ಹಾಕಬ್ಯಾಡ್ರಿ

ಪ್ರಶ್ನೆ: ಸರ್, ನಮ್ದು ಸಿಂಧನೂರು ತಾಲೂಕಿನ ಒಂದು ಕ್ಯಾಂಪ್. ಬಳ್ಳಾರಿಯಾಗ ಪರಿಚಯದವರ ಕಡೆಯಿಂದ ಜರ್ಮನ್ ಕಂಪನಿದೊಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೀನಿ. ಹೋದ ವಾರ ಗಂಗಾವತಿಯಿಂದ ಡಿಕ್ಕಿಯಾಗ ನಾಕು ಚೀಲ ಅಕ್ಕಿ ಹಾಕ್ಕೊಂಡು ರಾತ್ರಿ ಬರೋವಾಗ ಕಾರಟಗಿ ದಾಟಿದ ಮ್ಯಾಲ ಹಿಂದಿನ ಗಾಲಿ ಪಂಚರ್ ಆತು. ರಸ್ತಿ ಮಗ್ಗಲ ಜಾಕಿ ಹಚ್ಚಿದ್ರ ಎರಿ ಮಣ್ಣಾಗ ಜಾಕಿನ ಇಳೀತು ಹೊರತು ಕಾರು ಏಳ್ಲಿಲ್ಲ. ಆಮ್ಯಾಲ ಪಂಚರ್ ಅಂಗಡಿಯಾತನ್ನ ಕರಸಿದ್ರ ನಾಕು ಬೋಲ್ಟ್ ಬಿಚ್ಚಿದ, ಐದನೇದಕ್ಕ ಪಾನಾ ಕೂಡ್ಲಿಲ್ಲ, ಅದರ ತಲಿ ಹೂವಿನ ಆಕಾರ ಐತಿ. ಸಾಕೆಟ್ ಬಡದು ಕೂಡ್ಸಿ ತಿರುಗಿಸ್ತೀನಿ, ಬರ್ಲಿಲ್ಲಂದ್ರ ನಾಳೆ ವೆಲ್ಡಿಂಗ್ ಮಾಡೋಣ ಅಂದ. ನಾ ಬ್ಯಾಡಂದೆ, ಗಾಳಿ ಹೊಡಿಸ್ಕೋತ ಹೊಡಿಸ್ಕೋತ ಹೆಂಗೋ ಮನಿ ಮುಟ್ಟಿದೆ. ಮರುದಿನ ಡಿಕ್ಕಿ ಕಾರ್ಪೆಟ್ ಎತ್ತಿದ್ರ ಒಂದು ಕರೇ ಚೀಲ. ಅದರಾಗ ಕಡಗದಂಥ ತಲಿ ಇರೋ ದಪ್ಪ ಬೋಲ್ಟ್, ಒಂದು ತಂತಿ ಕೊಂಡಿ, ಒಳಗ ಹೂವಿನ ಕೊರೆತ ಇರೋ ಕಬ್ಬಿಣದ ಸಣ್ಣ ಬಟ್ಲು. ಫ್ಯೂಸ್ ಡಬ್ಬಿ ಮುಚ್ಚಳದಾಗ ಬಿಳಿ ಪ್ಲಾಸ್ಟಿಕ್ ಚಿಮಟಾ. ನಮ್ಮ ಅಳಿಯ ಇವೆಲ್ಲ ಫಾರಿನ್‌ನಾಗ ಬೇಕಾಗ್ತಾವ, ಇಲ್ಲೇನ್ ಕೆಲಸ, ಗುಜರಿಗೆ ಹಾಕು ಅಂತಾನ. ಮಗ ಮೊಬೈಲ್‌ನಾಗ ನೋಡಿ, ಸೀಟಿನ ಹೆಡ್‌ರೆಸ್ಟ್ ಇರೋದ ಗ್ಲಾಸ್ ಒಡಿಯಾಕ ಅಂತಾನ. ಪಂಚರ್‌ನಾತ ಬ್ಯಾಸಿಗಿ ಐತಿ, ಗಾಳಿ ಕಡಿಮಿ ಇಡ್ರಿ ಅಂದ. ಇನ್ನೊಂದು, ಅವತ್ತು ರಾತ್ರಿ ಎದುರಿಗೆ ಬರೋರೆಲ್ಲ ಡಿಮ್ ಡಿಪ್ ಹೊಡ್ಕೋತ ಬೈಕೋತ ಹೋದ್ರು, ನಾ ಡಿಪ್‌ನಾಗ ಇದ್ದೆ. ಇದರಾಗ ಯಾವುದು ಖರೆ, ಯಾವುದು ಸುಳ್ಳು?

ಉತ್ತರ: ನಿಮ್ಮ ದೊಡ್ಡ ತ್ರಾಸಿಗೆ ಉತ್ತರ ನೀವ ಬರದ ಪಟ್ಟಿಯಾಗ ಐತ್ರಿ. ಹೂವಿನ ಕೊರೆತ ಇರೋ ಆ ಸಣ್ಣ ಬಟ್ಲ ಆ ಐದನೇ ಬೋಲ್ಟಿನ ಕೀಲಿ. ಗುಜರಿಗೆ ಹೋಗಿದ್ರ ಕಥಿ ಮುಗೀತಿತ್ತು. ಅವತ್ತು ರಾತ್ರಿ ಅದು ನಿಮ್ಮ ಅಕ್ಕಿ ಚೀಲದ ಕೆಳಗ ಇತ್ತು ಅಷ್ಟ.

ಇದೇನು ಅಂದ್ರ, ಅಲಾಯ್ ಗಾಲಿ ಕಳವು ಆಗಬಾರದು ಅಂತ ಪ್ರತಿ ಗಾಲಿಗೆ ಒಂದು ಬೋಲ್ಟ್ ಬ್ಯಾರೆ ತಲಿದು ಹಾಕಿರ್ತಾರ. ಕೆಲವು ಕಾರಿಗೆ ಕಂಪನಿಯಿಂದನ ಬರ್ತೈತಿ, ಕೆಲವಕ್ಕ ಶೋರೂಮಿನಾಗ ಎಕ್ಸ್‌ಟ್ರಾ ಅಂತ ಹಾಕಿರ್ತಾರ. ಆ ಹೂವಿನ ನಮೂನಿ ಒಂದ ತರ ಇರಂಗಿಲ್ಲ, ಬ್ಯಾರೆ ಬ್ಯಾರೆ ಇರ್ತಾವ, ಪಕ್ಕದ ಮನಿಯವರದು ಅದ ಮಾಡೆಲ್ ಕಾರು ಇದ್ರೂ ಅವರ ಕೀಲಿ ನಿಮ್ಮ ಬೋಲ್ಟಿಗೆ ಕೂಡ್ತೈತಿ ಅಂತ ಹೇಳಾಕಾಗಂಗಿಲ್ಲ. ಬೋಲ್ಟಿನ ತಲಿ ಮ್ಯಾಲ ಇಲ್ಲಾ ಕೀಲಿ ಮ್ಯಾಲ ಒಂದು ನಂಬರೋ ಅಕ್ಷರನೋ ಕೊರದಿರ್ತೈತಿ, ಇವತ್ತ ಮೊಬೈಲ್‌ನಾಗ ಅದರ ಫೋಟೋ ತಗದು ಇಟ್ಕೋರಿ. ಕೀಲಿ ಕಳದ್ರ ಆ ಕೋಡ್ ಮ್ಯಾಲನ ಇನ್ನೊಂದು ತರಿಸಬೇಕಾಗ್ತೈತಿ.

ಬಿಚ್ಚೋ ರೀತಿ ಹಿಂಗ. ಮೊದಲ ಬೋಲ್ಟ್ ಮ್ಯಾಲ ಕರೇ ಪ್ಲಾಸ್ಟಿಕ್ ಟೋಪಿ ಇದ್ರ ಅದನ್ನ ನಿಮ್ಮ ಚೀಲದಾಗಿನ ತಂತಿ ಕೊಂಡಿಯಿಂದ ಜಗ್ಗಿ ತಗೀರಿ, ಆ ಕೊಂಡಿ ಇರೋದ ಅದಕ್ಕ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ್ರ ಅಲಾಯ್ ಗೀರತೈತಿ, ಟೋಪಿನೂ ಒಡೀತೈತಿ. ಆಮ್ಯಾಲ ಒಂದು ಹಳೇ ಹಲ್ಲುಜ್ಜೋ ಬ್ರಶ್ಶಿಲೆ ಬೋಲ್ಟಿನ ತಲಿ ತಿಕ್ಕಿ ಧೂಳ ತಗೀರಿ. ಬಳ್ಳಾರಿ ಕಡೆ ಓಡಿದ ಗಾಡಿ ಅಂದ್ರ ಆ ಕೊರೆತದಾಗ ಅದಿರಿನ ಕೆಂಪ ಧೂಳ ಸಿಮೆಂಟ್ ಹಂಗ ಕೂತಿರ್ತೈತಿ, ಅದಿದ್ರ ಕೀಲಿ ಅರ್ಧನ ಕೂಡ್ತೈತಿ, ಅರ್ಧ ಕೂತಿದ್ದನ್ನ ಜೋರ್ ಮಾಡಿ ತಿರುವಿದ್ರ ಹೂವಿನ ಅಂಚು ಹರಿದು ಹೋಗ್ತೈತಿ. ಕೈಲೆ ಬಟ್ಲು ಹಚ್ಚಿ ತುಸು ಆ ಕಡೆ ಈ ಕಡೆ ತಿರುಗಿಸ್ರಿ, ಒಂದು ಕಡೆ ಟಕ್ ಅಂತ ಪೂರ್ತಿ ಒಳಗ ಕೂಡ್ತೈತಿ. ಈಗ ಅದರ ಮ್ಯಾಲ ಮಾಮೂಲಿ ಪಾನಾ ಹಚ್ಚಿ ನಿಧಾನಕ ಒತ್ರಿ. ಪಂಚರ್ ಅಂಗಡಿಯಾಗ ಗಾಳಿ ಗನ್ ಹಚ್ಚಾಕ ಬಂದ್ರ ಈ ಒಂದು ಬೋಲ್ಟಿಗೆ ಮಾತ್ರ ಬ್ಯಾಡ ಅನ್ರಿ. ನಮ್ಮ ವರ್ಕ್‌ಶಾಪಿಗೆ ಸೀಳಿದ ಕೀಲಿ ಹಿಡ್ಕೊಂಡು ಬರೋರನ್ನ ಕೇಳಿದ್ರ ಬಹುತೇಕ ಎಲ್ಲಾರೂ ಹೇಳೋದು ಗನ್ ಕಥೀನ.

ನಿಮಗ ಕೀಲಿ ಸಿಕ್ಕೈತಿ, ಆದ್ರ ಇದನ್ನ ಓದೋರ ಪೈಕಿ ಸಿಗಲಾರದವರು ಭಾಳ ಮಂದಿ ಇರ್ತಾರ, ಅವರ ಸಲುವಾಗಿ ಹೇಳ್ತೀನಿ. ಮೊದಲ ಹುಡುಕೋ ಜಾಗ ಗ್ಲೌ ಬಾಕ್ಸ್, ಸ್ಟೆಪ್ನಿ ನಡುವಿನ ಥರ್ಮಾಕೋಲ್ ಟ್ರೇ, ಡಿಕ್ಕಿ ಮಗ್ಗಲದ ಸಣ್ಣ ಕಪಾಟು. ಅಲ್ಲಿಲ್ಲಂದ್ರ ಹಳೇ ಮಾಲಕರಿಗೆ ಫೋನ್ ಮಾಡ್ರಿ, ಕೊನೇ ಸಲ ಟೈರ್ ಹಾಕಿಸಿದ ಅಂಗಡಿಯಾಗನ ಬಿಟ್ಟು ಬಂದಿರ್ತಾರ. ಅಲ್ಲೂ ಇಲ್ಲಂದ್ರ ಕಂಪನಿ ಸರ್ವಿಸ್ ಸೆಂಟರ್, ಕೆಲವರ ಕಡೆ ಎಲ್ಲಾ ನಮೂನಿ ಇರೋ ಮಾಸ್ಟರ್ ಸೆಟ್ ಇರ್ತೈತಿ, ಇಲ್ಲಾ ಕೋಡ್ ಮ್ಯಾಲ ತರಿಸಿ ಕೊಡ್ತಾರ, ಟೈಮ್ ಹಿಡೀತೈತಿ ಆದ್ರ ಗಾಲಿಗೆ ಏಟಿಲ್ಲ. ಅದರ ನಂತರ ಎಕ್ಸ್‌ಟ್ರಾಕ್ಟರ್ ಅಂತ ಒಂದು ಸಾಕೆಟ್ ಬರ್ತೈತಿ, ಒಳಗ ಉಲ್ಟಾ ಸುರುಳಿ ಹಲ್ಲು, ಬಡದು ಕೂಡ್ಸಿ ತಿರುವಿದ್ರ ಬೋಲ್ಟಿನ ತಲಿ ಕಚ್ಚಿ ಹಿಡೀತೈತಿ. ಬೋಲ್ಟ್ ಹಾಳಾಗೋದು ಖಾತ್ರಿ, ಕೈ ಪಳಗಿದವ ಮಾಡಿದ್ರ ಗಾಲಿ ಉಳೀತೈತಿ. ನಿಮ್ಮ ಪಂಚರ್‌ನಾತ ಹೇಳಿದ ಬಡದು ಕೂಡ್ಸೋದು ಇದರ ತಮ್ಮನ, ಬರ್ತೈತಿ, ಆದ್ರ ಸಾಕೆಟ್ ಜಾರಿತು ಅಂದ್ರ ಬೋಲ್ಟಿನ ಸುತ್ತಲಿನ ಅಲಾಯ್ ಕೆತ್ತಿ ಹೋಗ್ತೈತಿ. ವೆಲ್ಡಿಂಗ್ ಮಾತ್ರ ಕಟ್ಟಕಡೀದು. ಕಾವಿಗೆ ಅಲಾಯ್ ಬಣ್ಣ ಹೋಗ್ತೈತಿ, ಹಬ್ ಬೇರಿಂಗಿನ ಸೀಲು ಸುಡಬಹುದು, ಬ್ಯಾಟರಿ ವೈರ್ ಬಿಚ್ಚದ ವೆಲ್ಡ್ ಮಾಡಿದ್ರ ಎಲೆಕ್ಟ್ರಾನಿಕ್ಸಿಗೂ ಹೊಡ್ತ ಬೀಳಬಹುದು. ರಾತ್ರಿ ರಸ್ತಿ ಮ್ಯಾಲ ನೀವು ಬ್ಯಾಡಂದದ್ದು ಸರಿ ಮಾಡೀರಿ. ಒಂದು ಮಾತು, ಕಡಿಮಿ ಗಾಳಿಯಾಗ ಅಷ್ಟು ದೂರ ಓಡೈತಿ ಅಂದ್ರ ಪಂಚರ್ ಮುಚ್ಚೋವಾಗ ಟೈರ್ ಗಾಲಿಯಿಂದ ಬಿಚ್ಚಿಸಿ ಒಳಗಿನ ಸೈಡ್ ನೋಡ್ಸ್ರಿ, ಒಳಗ ರಬ್ಬರ್ ಪುಡಿ ಉದುರಿದ್ರ ಆ ಟೈರ್ ಬದಲಾಯಿಸೋದ ಒಳ್ಳೇದು.

ಕೆಲವರು ಈ ಕಟಿಪಿಟಿನ ಬ್ಯಾಡ ಅಂತ ಲಾಕ್ ಬೋಲ್ಟ್ ತಗಸಿ ಮಾಮೂಲಿ ಬೋಲ್ಟ್ ಹಾಕಿಸ್ತಾರ. ನಡೀತೈತಿ, ನಾ ತಪ್ಪು ಅನ್ನಂಗಿಲ್ಲ, ಊರಾಗ ಮನಿ ಮುಂದ ನಿಲ್ಲೋ ಕಾರಿಗೆ ಇದರ ಗರಜು ಭಾಳ ಇಲ್ಲ. ಆದ್ರ ಒಂದು ಎಚ್ಚರ ಐತಿ. ಬೋಲ್ಟ್ ಗಾಲಿ ಮ್ಯಾಲ ಕೂಡೋ ಮುಖ ಎರಡು ನಮೂನಿ ಇರ್ತೈತಿ, ಒಂದು ಗುಂಡಗ, ಒಂದು ಓರಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಂಪನಿ ಗಾಲಿಗೆ ಗುಂಡನೇದು, ಮಾರುತಿ ಹ್ಯುಂಡೈದಕ್ಕ ಸಾಮಾನ್ಯ ಓರಿದು. ಥ್ರೆಡ್ ಕೂತೈತಿ ಅಂತ ಗುಂಡಗಿನ ಜಾಗದಾಗ ಓರಿದು ಹಾಕಿದ್ರ ನೋಡಾಕ ಬಿಗಿ ಕಾಣ್ತೈತಿ, ಓಡ್ತಾ ಓಡ್ತಾ ಸಡಲ ಬೀಳ್ತೈತಿ. ಉದ್ದನೂ ಅಷ್ಟ ಇರಬೇಕು. ಗಾಲಿ ಹಾಕಿದ ಮ್ಯಾಲ ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಪಾನಾ ಹಚ್ಚಿ ನೋಡ್ರಿ. ಪಾನಾ ಮ್ಯಾಲ ನಿಂತು ಜಿಗಿದಾಡೋದು ಬ್ಯಾಡ, ಸಣ್ಣ ಕಾರಿನ ಗಾಲಿಗೆ 100ರಿಂದ 120 ನ್ಯೂಟನ್ ಮೀಟರ್ ಬಿಗಿ ಸಾಮಾನ್ಯ ಸಾಕು, ಮನುಷ್ಯ ಏರಿ ನಿಂತ್ರ ಅದಕ್ಕಿಂತ ಭಾಳ ಜಾಸ್ತಿ ಆಗ್ತೈತಿ.

ಈಗ ಕಡಗದ ತಲಿ ಇರೋ ದಪ್ಪ ಬೋಲ್ಟ್. ಅದು ಟೋಯಿಂಗ್ ಹುಕ್, ಕಾರು ಎಳಿಯಾಕ. ಅಳಿಯ ದೇವ್ರು ಫಾರಿನ್‌ಗೆ ಅಂತಾರ, ನಾ ಹೇಳೋದು ನಮ್ಮ ಕಡೆ ರಸ್ತಿಗೇ ಜಾಸ್ತಿ ಬೇಕು ಅಂತ. ನಿಮ್ಮ ಬಂಪರಿನಾಗ ಚೌಕನೋ ಗುಂಡನೋ ಒಂದು ಸಣ್ಣ ಮುಚ್ಚಳ ಇರ್ತೈತಿ, ಒಂದು ಅಂಚು ಒತ್ತಿದ್ರ ಇನ್ನೊಂದು ಅಂಚು ಏಳ್ತೈತಿ. ಒಳಗ ಥ್ರೆಡ್ ಇರೋ ತೂತು. ಅದಕ್ಕ ಈ ಹುಕ್ ಕೈಲೆ ತಿರುವಿ ಹಾಕಿ, ಕೊನಿಗೆ ಕಡಗದಾಗ ಪಾನಾ ಕಾಲು ತೂರಿಸಿ ಬಿಗಿ ಮಾಡಬೇಕು. ನಿಮ್ಮದು ಜರ್ಮನ್ ಗಾಡಿ ಅಂದೀರಿ, ಫೋಕ್ಸ್‌ವ್ಯಾಗನ್ ಸ್ಕೋಡಾದ್ದಾದ್ರ ಥ್ರೆಡ್ ಉಲ್ಟಾ, ಎಡಕ್ಕ ತಿರುವಿದ್ರ ಬಿಗಿ ಆಗ್ತೈತಿ. ಇದು ಗೊತ್ತಿಲ್ಲದ ಬಲಕ್ಕ ತಿರುವಿ ತಿರುವಿ, ಇದು ಈ ಕಾರಿಂದಲ್ಲ ಅಂತ ಒಗದು ಬಿಟ್ಟವರದಾರ.

ಪೂರ್ತಿ ಒಳಗ ಕೂಡಬೇಕು, ಎರಡು ಸುತ್ತು ಹಾಕಿ ಎಳದ್ರ ಥ್ರೆಡ್ ಕಿತ್ತು ಹುಕ್ ಹಾರಿ ಹಿಂದಿನ ಗ್ಲಾಸಿಗೋ ಮುಂದಿನವನ ತಲಿಗೋ ಬರ್ತೈತಿ. ಎಳಿಯೋದು ನೆಟ್ಟಗ ಎಳೀಬೇಕು. ಗದ್ದಿಯಾಗ, ಕಾಲವಿ ದಂಡಿಯಾಗ ಸಿಕ್ಕಂಡಾಗ ಟ್ರ್ಯಾಕ್ಟರ್ ತಂದು ಓರಿಯಾಗಿ ಜರ್ಕ್ ಹೊಡದು ಎಳೀತಾರಲ್ಲ, ಅದಕ್ಕ ಈ ಹುಕ್ ಅಲ್ಲ. ಮೊದಲ ಗಾಲಿ ಮುಂದಿನ ಮಣ್ಣು ತೋಡಿ ತಗದು, ಬೆಲ್ಟ್ ಬಿಗಿ ಬರೋತನಕ ಟ್ರ್ಯಾಕ್ಟರ್ ಮೆಲ್ಲಕ ಸರಿಸಿ, ಆಮ್ಯಾಲ ಎಳೀಬೇಕು. ಹಗ್ಗ ತಗೊಂಡು ಕೆಳಗಿನ ಸಸ್ಪೆನ್ಷನ್ ರಾಡಿಗೆ ಕಟ್ಟೋದು ನಮ್ಮ ಕಡೆ ರೂಢಿ, ಅದರಿಂದ ರಾಡ್ ಬಾಗಿ ಅಲೈನ್‌ಮೆಂಟ್ ಹಾಳಾಗಿ ಆರು ತಿಂಗಳಾಗ ಟೈರ್ ಒಂದ ಮಗ್ಗಲ ಸವೀತೈತಿ, ಆಗ ಟೈರ್ ಕಂಪನೀನ ಬೈತಾರ.

ಎಳಿಯೋವಾಗ ಕೀಲಿ ಆನ್ ಇರ್ಲಿ, ಇಲ್ಲಂದ್ರ ಸ್ಟೇರಿಂಗ್ ಲಾಕ್ ಆಗ್ತೈತಿ. ಎಂಜಿನ್ ಬಂದ್ ಇದ್ರ ಬ್ರೇಕ್ ಕಲ್ಲಿನಂಗ ಆಗ್ತೈತಿ, ಸ್ಟೇರಿಂಗೂ ಬಿಗಿ, ಅದಕ್ಕ ಒಳಗ ಕೂತವರಿಗೆ ಮೊದಲ ಹೇಳಿ ಕೂಡಿಸ್ರಿ. ಆಟೋಮ್ಯಾಟಿಕ್ ಗೇರ್ ಗಾಡಿ, ಕರೆಂಟ್ ಗಾಡಿ ಇದ್ರ ಓಡ್ಸೋ ಗಾಲಿ ನೆಲದ ಮ್ಯಾಲಿಟ್ಟು ಎಳಿಯೋದ ಬ್ಯಾಡ, ಪೂರ್ತಿ ಮ್ಯಾಲ ಹೇರ್ಕೊಂಡು ಹೋಗೋ ಗಾಡೀನ ಕರಸ್ರಿ, ಗೇರ್‌ಬಾಕ್ಸ್ ರಿಪೇರಿ ಮುಂದ ಆ ಖರ್ಚು ಏನೂ ಅಲ್ಲ.

ಜಾಕಿ ವಿಷಯ. ನಿಮ್ಮ ಜಾಕಿದು ತಪ್ಪಿಲ್ರಿ, ಭೂಮಿದು. ಸಿಂಧನೂರು, ಸಿರುಗುಪ್ಪ, ಕಾರಟಗಿ ಎಲ್ಲಾ ಎರಿ ನೆಲ, ಕಾಲವಿ ನೀರು ಹರಿಯೋ ದಿನದಾಗ ಮ್ಯಾಲ ಒಣಗಿದಂಗ ಕಂಡ್ರೂ ಒಳಗ ಬೆಣ್ಣಿ. ಕಂಪನಿ ಕೊಡೋ ಜಾಕಿ ತಳ ಅಂಗೈಯಷ್ಟ ಅಗಲ, ಕಾರಿನ ಒಂದು ಮೂಲಿ ಭಾರ ಪೂರಾ ಅದರ ಮ್ಯಾಲ ಬೀಳ್ತೈತಿ, ಇಳೀದ ಏನ್ ಮಾಡ್ತೈತಿ. ಬಡಿಗೇರ ಕಡೆ ಹೋಗಿ ಒಂದು ಅಡಿ ಚೌಕದ, ಎರಡು ಬೆರಳು ದಪ್ಪದ ಹಲಗಿ ಮಾಡ್ಸಿ ಸ್ಟೆಪ್ನಿ ಬಾಜು ಇಟ್ಕೋರಿ. ಇದನ್ನ ಯಾವ ಕಂಪನಿನೂ ಕೊಡಂಗಿಲ್ಲ, ನಮ್ಮ ನೆಲಕ್ಕ ಇದ ಎಲ್ಲಾದಕ್ಕಿಂತ ಮುಖ್ಯ ಸಾಮಾನು ಅಂತ ನಾ ಹೇಳ್ತೀನಿ. ಹಲಗಿ ಮ್ಯಾಲ ಜಾಕಿ, ಜಾಕಿ ತಲಿ ಮಾತ್ರ ಬಾಗಲದ ಕೆಳಗಿನ ಅಂಚಿನಾಗ ಗುರುತು ಇರೋ ಕಡೆನ ಕೂಡಬೇಕು, ಕೈಲೆ ಸವರಿದ್ರ ಎರಡು ಸಣ್ಣ ಕಚ್ಚು ಹತ್ತತಾವ, ಅವುಗಳ ನಡುವ. ಗುರುತು ಬಿಟ್ಟು ತಗಡಿಗೆ ಹಚ್ಚಿದ್ರ ತಗಡು ಒಳಗ ಹೋಗ್ತೈತಿ.

ಬೋಲ್ಟ್ ಸಡಲ ಮಾಡೋದು ಕಾರು ಎತ್ತೋ ಮೊದಲ, ಬಿಚ್ಚೋದು ಎತ್ತಿದ ಮ್ಯಾಲ. ಹ್ಯಾಂಡ್ ಬ್ರೇಕ್ ಹಾಕಿ, ಎದುರು ಮೂಲಿ ಗಾಲಿಗೆ ಹಿಂದ ಮುಂದ ಕಲ್ಲು ಕೊಟ್ಟು, ಡಿಕ್ಕಿ ಮಾಲು ಇಳಿಸಿ, ಮಂದಿ ಇಳಿದು ರಸ್ತಿಯಿಂದ ದೂರ ನಿಂತ ಮ್ಯಾಲ ಎತ್ರಿ. ಈ ಜಾಕಿ ಗಾಲಿ ಬದಲಿಗೆ ಮಾತ್ರ, ಏನ ಆಗ್ಲಿ ಕೈ ತಲಿ ಕಾರಿನ ಕೆಳಗ ಹಾಕಬ್ಯಾಡ್ರಿ. ಡಿಕ್ಕಿಯಾಗ ಕೆಂಪ ತ್ರಿಕೋನ ಇರ್ತೈತಲ್ಲ, ಅದನ್ನ ಕಾರಿಗೆ ಆನಿಸಿ ಇಡ್ತಾರ ನಮ್ಮ ಮಂದಿ. ಕಾರು ಕಂಡವನಿಗೆ ತ್ರಿಕೋನ ಯಾಕ ಬೇಕು? ಹಿಂದಕ ಒಂದು ಐವತ್ತು ಹೆಜ್ಜಿ ನಡದು ಅಲ್ಲಿಡ್ರಿ, ಭತ್ತದ ಲೋಡ್ ಲಾರಿ ಬರೋ ರಸ್ತಿ ಅದು, ಬ್ರೇಕ್ ಹೊಡದ್ರ ಅಲ್ಲೇ ನಿಲ್ಲಂಗಿಲ್ಲ.

ಸ್ಟೆಪ್ನಿ ಸಣ್ಣದು, ತೆಳ್ಳಗ ಇದ್ರ ಅದರ ಮ್ಯಾಲ 80 ಅಂತ ಸ್ಟಿಕರ್ ಇರ್ತೈತಿ. ಅದು ಗಂಟೆಗೆ 80 ಕಿಲೋಮೀಟರ್ ಮೀರಬ್ಯಾಡ ಅಂತ, 80 ಕಿಲೋಮೀಟರ್ ದೂರ ಹೋಗಬಹುದು ಅಂತಲ್ಲ. ಪಂಚರ್ ಹಾಕಿಸೋತನಕ ಅಷ್ಟ, ಅದರ ಮ್ಯಾಲನ ತಿಂಗಳುಗಟ್ಟಲೆ ತಿರುಗಾಡೋರಿದಾರ. ಹೊಸ ಗಾಡಿಗಳಾಗ ಸ್ಟೆಪ್ನಿನ ಇಲ್ಲದವೂ ಬಂದಾವ, 2020ರಾಗ ಸರ್ಕಾರ ನಿಯಮ ಬದಲು ಮಾಡಿ, ಗಾಳಿ ತೋರಿಸೋ ಸೆನ್ಸಾರ್ ಮತ್ತ ಪಂಚರ್ ಕಿಟ್ ಇದ್ರ ಸ್ಟೆಪ್ನಿ ಕಡ್ಡಾಯ ಅಲ್ಲ ಅಂದೈತಿ. ಆ ಕಿಟ್ಟಿನ ದ್ರಾವಣದ ಡಬ್ಬಿಗೆ ಎಕ್ಸ್‌ಪೈರಿ ಡೇಟ್ ಇರ್ತೈತಿ, ಮೊಳೆ ತೂತಿಗೆ ಮಾತ್ರ ಕೆಲಸ ಮಾಡ್ತೈತಿ, ಸೈಡ್ ಹರದ್ರ ಏನೂ ಆಗಂಗಿಲ್ಲ. ನಮ್ಮ ರಸ್ತಿಗೆ ನನ್ನ ಮಾತು ಕೇಳಿದ್ರ ಸ್ಟೆಪ್ನಿ ಇರೋ ಗಾಡೀನ ಚಲೋ.

ಬಿಳಿ ಚಿಮಟಾ ಫ್ಯೂಸ್ ಕೀಳಾಕ. ಉಗುರಿಲೆ ಕೀಳಾಕ ಹೋದ್ರ ಫ್ಯೂಸ್ ಮುರೀತೈತಿ, ಇಕ್ಕಳ ಹಾಕಿದ್ರ ಬಾಜೂದು ಶಾರ್ಟ್ ಆಗ್ತೈತಿ, ಅದಕ್ಕ ಪ್ಲಾಸ್ಟಿಕ್. ಬಣ್ಣ ನೋಡಿ ಗುರುತು ಹಿಡೀಬಹುದು: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ನಮ್ಮ ಕಡೆ ಭಾಳ ಹೋಗೋದು ಮೊಬೈಲ್ ಚಾರ್ಜ್ ಹಾಕೋ ಸಾಕೆಟಿನ ಫ್ಯೂಸು, ಯಾಕಂದ್ರ ಅದಕ್ಕ ಸಣ್ಣ ಗಾಳಿ ಪಂಪು ಹಚ್ಚತಾರ. ಆ ಸಾಕೆಟ್ ಹೆಚ್ಚಾಗಿ 120 ವ್ಯಾಟಿಗೆ ಮಾಡಿರ್ತಾರ, ಅಂದ್ರ 12 ವೋಲ್ಟಿಗೆ 10 ಆಂಪಿಯರ್, ಪಂಪು ಅದಕ್ಕಿಂತ ಜಾಸ್ತಿ ಎಳೀತು ಅಂದ್ರ ಟಪ್. ಫ್ಯೂಸ್ ಹೋಯ್ತು ಅಂತ ಇನ್ನೂ ದೊಡ್ಡದು ಹಾಕೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳಿ ಸುತ್ತಿ ಕೂಡ್ಸೋದು ಮಾತ್ರ ಬ್ಯಾಡ್ರಿ. ಆಮ್ಯಾಲ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರ್ ಸುಡ್ತೈತಿ.

ಹೆಡ್‌ರೆಸ್ಟ್ ವಿಷಯಕ್ಕ ಮಗನಿಗೆ ಹೇಳ್ರಿ, ಅರ್ಧ ಖರೆ. ಗ್ಲಾಸ್ ಒಡಿಯಾಕ ಅಂತ ಅದನ್ನ ಮಾಡಿಲ್ಲ. ಹಿಂದಿನಿಂದ ಯಾರರ ಗುದ್ದಿದ್ರ ಕುತ್ತಿಗಿ ಹಿಂದಕ ಜರ್ಕ್ ಹೊಡೀಬಾರದು ಅಂತ ಅದು ಇರೋದು, ಎತ್ತರ ಹೊಂದ್ಸಾಕ ಮತ್ತ ಮಕ್ಕಳ ಸೀಟ್ ಕೂಡ್ಸಾಕ ಬಿಚ್ಚೋಹಂಗ ಇಟ್ಟಾರ. ಕಬ್ಬಿಣದ ಕಾಲು ಅದಾವ ಅಂದ ಮ್ಯಾಲ ಕೊನೇ ಗಳಿಗಿಯಾಗ ಬಾಗಲದ ಗ್ಲಾಸ್ ಒಡಿಯಾಕ ಉಪಯೋಗ ಬರಬಹುದು, ಕಾಲು ಗ್ಲಾಸಿನ ತಳದ ರಬ್ಬರ್ ಸಂದಿಯಾಗ ತೂರಿಸಿ ಒಳಗ ಜಗ್ಗಬೇಕು, ಗ್ಲಾಸಿನ ನಡುವ ಬಡಿಯೋದರಿಂದ ಏನೂ ಆಗಂಗಿಲ್ಲ. ಮುಂದಿನ ದೊಡ್ಡ ಗ್ಲಾಸಿಗೆ ಮಾತ್ರ ಟೈಮ್ ಹಾಳು ಮಾಡಬಾರದು, ಅದು ಎರಡು ಪದರದ ನಡುವ ಪ್ಲಾಸ್ಟಿಕ್ ಹಾಳಿ ಇರೋದು, ಬಿರುಕು ಬಿಡ್ತೈತಿ ಹೊರತು ಉದುರಂಗಿಲ್ಲ. ಕೆಲವು ಮಾಡೆಲ್‌ನಾಗ ಹೆಡ್‌ರೆಸ್ಟ್ ಸೀಟಿಗೆ ಕೂಡಿಕೊಂಡ ಇರ್ತೈತಿ, ಬಿಚ್ಚಾಕ ಬರಂಗಿಲ್ಲ.

ನೀವು ತುಂಗಭದ್ರಾ ಎಡದಂಡೆ ಕಾಲವಿ ಮಗ್ಗಲ ದಿನಾ ಓಡಾಡೋರು, ನಿಮಗ ಇದು ಬರೀ ವಿಡಿಯೋ ನೋಡಿ ಮಜಾ ತಗೊಳ್ಳೋ ವಿಷಯ ಅಲ್ಲ. ಗಾಡಿ ನೀರಿಗೆ ಬಿದ್ರ ಮೊದಲ ಬೆಲ್ಟ್ ಬಿಚ್ಚಿ, ಆ ಕ್ಷಣನ ಗ್ಲಾಸ್ ಇಳಿಸ್ರಿ, ಪವರ್ ವಿಂಡೋ ಮೊದಮೊದಲ ಕೆಲಸ ಮಾಡ್ತಾವ, ನೀರು ಏರಿದ ಮ್ಯಾಲ ಬಾಗಲಾನೂ ತೆರಿಯಂಗಿಲ್ಲ, ಗ್ಲಾಸೂ ಇಳಿಯಂಗಿಲ್ಲ. ಬೆಲ್ಟ್ ಕತ್ತರಿಸೋ ಬ್ಲೇಡ್ ಇರೋ ಸಣ್ಣ ಸುತ್ತಿಗಿ ಕೆಲವು ನೂರು ರೂಪಾಯಿಗೆ ಸಿಗ್ತೈತಿ, ತಗೊಂಡು ಡ್ರೈವರ್ ಕೈಗೆ ಎಟುಕೋ ಕಡೆ ಸಿಗಸ್ರಿ. ಡಿಕ್ಕಿಯಾಗ ಇಟ್ರ ಇಟ್ಟೂ ಇಲ್ಲದಂಗ.

ಇಂಥ ಅರ್ಧ ಖರೆ ವಿಡಿಯೋದಾಗ ಇನ್ನೊಂದು ಬರ್ತೈತಿ, ಮೀಟರಿನಾಗ ಪೆಟ್ರೋಲ್ ಬಂಕಿನ ಚಿತ್ರ ಇರ್ತೈತಲ್ಲ, ಅದರ ಪೈಪ್ ಯಾವ ಕಡೆ ಐತೋ ಟ್ಯಾಂಕ್ ಮುಚ್ಚಳ ಆ ಕಡೆ ಅಂತ. ಸುಳ್ಳು. ಪೈಪ್ ಸುಮ್ಮ ಚಿತ್ರ. ಅದರ ಬಾಜು ಸಣ್ಣ ತ್ರಿಕೋನ ಬಾಣ ಇದ್ರ ಅದು ಖರೆ. 1986ರಾಗ ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಅನ್ನೋರು ಆಫೀಸಿನ ಕಾರು ತಗೊಂಡು ಬಂಕಿಗೆ ಹೋಗಿ, ಮಳಿಯಾಗ ತಪ್ಪು ಮಗ್ಗಲ ನಿಲ್ಲಿಸಿ ತೊಯ್ಸಿಕೊಂಡು ಬಂದು, ಇದನ್ನ ಹಾಕ್ರಿ ಅಂತ ಕಂಪನಿಗೆ ಬರದು ಕೊಟ್ಟಿದ್ರು, ಕೆಲವು ವರ್ಷದಾಗ ಅವರ ಕಾರಿನಾಗ ಬಂತು, ಈಗ ಬಹುತೇಕ ಎಲ್ಲಾರೂ ಹಾಕ್ತಾರ. ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ಮೊದಲ ದಿನ ಬಂಕಿನಾಗ ನಗೆಪಾಟ್ಲಾಗೋದು ತಪ್ತೈತಿ.

ನಿಮ್ಮದು ಬಟನ್ ಸ್ಟಾರ್ಟ್ ಗಾಡಿ ಇದ್ರ ಇನ್ನೊಂದು ಮಾತು. ರಿಮೋಟಿನ ಸೆಲ್ ಸತ್ರ ಗಾಡಿ ಸತ್ತಂಗಲ್ಲ. ರಿಮೋಟ್ ಒಳಗನ ಒಂದು ಕಬ್ಬಿಣದ ಕೀಲಿ ಅಡಗಿರ್ತೈತಿ, ಬಾಜೂಕ ಸಣ್ಣ ಗುಂಡಿ ಒತ್ತಿ ಎಳೀರಿ. ಡ್ರೈವರ್ ಬಾಗಲ ಹಿಡಿಕಿಯಾಗ ತೂತು ಕಾಣಲಿಲ್ಲಂದ್ರ ಹಿಡಿಕಿ ತುದಿ ಮುಚ್ಚಳದ ಕೆಳಗ ಇರ್ತೈತಿ. ಒಳಗ ಕೂತು, ಬ್ರೇಕೋ ಕ್ಲಚ್ಚೋ ಒತ್ತಿ, ಆ ಸತ್ತ ರಿಮೋಟನ್ನ ಸ್ಟಾರ್ಟ್ ಬಟನ್‌ಗೆ ಆನಿಸಿ ಅದರಿಂದನ ಬಟನ್ ಒತ್ತಿದ್ರ ಭಾಳ ಗಾಡಿ ಚಾಲೂ ಆಗ್ತಾವ, ಕೆಲವಕ್ಕ ಸ್ಟೇರಿಂಗ್ ಕಂಬದ ಹತ್ರನೋ ಕಪ್ ಹೋಲ್ಡರ್‌ನಾಗೋ ಜಾಗ ಇರ್ತೈತಿ, ಗಾಡಿ ಪುಸ್ತಕದಾಗ ಚಿತ್ರ ಇರ್ತೈತಿ.

ಬ್ಯಾಸಿಗಿಯಾಗ ಗಾಳಿ ಕಡಿಮಿ ಇಡೋ ಮಾತು ನಮ್ಮ ರಾಯಚೂರು ಸೀಮಿಯಾಗ ಅಜ್ಜನ ಕಾಲದಿಂದ ಐತಿ, ಮತ್ತ ಅದು ತಪ್ಪು. ಕೇಳಾಕ ಸರಿ ಅನಸ್ತೈತಿ, ಬಿಸಿಗೆ ಗಾಳಿ ಹಿಗ್ಗತೈತಿ, ಟೈರ್ ಒಡೀತೈತಿ ಅಂತ. ಹಿಗ್ಗೋದು ಖರೆನ, ಐದಾರು ಡಿಗ್ರಿ ಶಾಖಕ್ಕ ಹೆಚ್ಚುಕಡಿಮಿ ಒಂದು ಪಿಎಸ್‌ಐ (ಟೈರ್ ಗಾಳಿ ಒತ್ತಡದ ಅಳತಿ) ಏರ್ತೈತಿ. ಆದ್ರ ಕಂಪನಿ ಹೇಳಿರೋ ಅಂಕಿ ಅದನ್ನೆಲ್ಲ ಲೆಕ್ಕ ಹಿಡಿದು ತಣ್ಣನ ಟೈರಿಗೆ ಹೇಳಿದ್ದು. ಗಾಳಿ ಕಡಿಮಿ ಇದ್ರ ಟೈರಿನ ಮಗ್ಗಲು ಪ್ರತಿ ಸುತ್ತಿಗೆ ಜಾಸ್ತಿ ಮಡಚತೈತಿ, ಮಡಚಿದಷ್ಟು ಒಳಗ ಕಾವು ಏರ್ತೈತಿ, ಏಪ್ರಿಲ್ ಮೇ ಬಿಸಲಾಗ ರಸ್ತಿನ ಹೆಂಚಿನಂಗ ಕಾದಿರ್ತೈತಿ, ಆ ಕಾವು ಹೋಗಾಕ ಜಾಗ ಇಲ್ಲ. ಬ್ಯಾಸಿಗಿಯಾಗ ಸಿಡಿದ ಟೈರ್ ಬಿಚ್ಚಿ ನೋಡಿದ್ರ ಒಳಗ ಮಗ್ಗಲಿನ ರಬ್ಬರ್ ಪುಡಿಪುಡಿ ಆಗಿರ್ತೈತಿ, ಅದು ಗಾಳಿ ಜಾಸ್ತಿ ಆಗಿ ಹೋದದ್ದಲ್ಲ, ಕಡಿಮಿ ಆಗಿ ಓಡಿದ್ದು.

ಅಂಕಿ ಎಷ್ಟು ಅಂತ ಪಂಚರ್‌ನಾತನ್ನ ಕೇಳಬ್ಯಾಡ್ರಿ, ಡ್ರೈವರ್ ಬಾಗಲ ತೆರದ್ರ ಕಂಬದ ಮ್ಯಾಲ ಸ್ಟಿಕರ್ ಇರ್ತೈತಿ, ನಿಮ್ಮಂಥ ಗಾಡಿಗೆ ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಮಗ್ಗಲ ಇರಬಹುದು. ಅದರಾಗ ಖಾಲಿ ಗಾಡಿಗೆ ಒಂದು ಅಂಕಿ, ಪೂರ್ತಿ ಲೋಡಿಗೆ ಒಂದು ಅಂಕಿ. ನಾಕು ಚೀಲ ಅಕ್ಕಿ ಹಾಕಿದ ದಿನ ಹಿಂದಿನ ಗಾಲಿಗೆ ಲೋಡಿನ ಅಂಕಿನ ನೋಡಬೇಕು. ಗಾಳಿ ಚೆಕ್ ಮಾಡ್ಸೋದು ಮುಂಜಾನೆ, ಗಾಡಿ ಓಡೋ ಮೊದಲ. ಮಧ್ಯಾಹ್ನ ಓಡಿ ಬಂದು ನೋಡಿ, ಜಾಸ್ತಿ ಐತಿ ಅಂತ ಬಿಡಿಸಿದ್ರ ರಾತ್ರಿ ತಣ್ಣಗಾದ ಮ್ಯಾಲ ಕಡಿಮಿ ಬಿದ್ದಿರ್ತೈತಿ. ನೈಟ್ರೋಜನ್ ಹಾಕ್ಸಿದ್ರ ಎಲ್ಲಾ ಸರಿ ಹೋಗ್ತೈತಿ ಅನ್ನೋರೂ ಅದಾರ, ಮಾಮೂಲಿ ಗಾಳಿಯಾಗನ 78 ಪಾಲು ನೈಟ್ರೋಜನ್ ಐತಿ, ದುಡ್ಡು ಇದ್ರ ಹಾಕ್ಸ್ರಿ, ಅದಕ್ಕಂತ ಚೆಕ್ ಮಾಡೋದು ಬಿಡಬ್ಯಾಡ್ರಿ.

ಇನ್ನ ಎದುರಿನವರು ಬೈದದ್ದು. ಅವರೂ ಸರಿ, ನೀವೂ ಸರಿ. ನೀವು ಡಿಪ್‌ನಾಗ ಇದ್ರಿ ಖರೆ, ಆದ್ರ ಡಿಕ್ಕಿಯಾಗ ಅಕ್ಕಿ ಕೂತು ಹಿಂದ ಕುಸೀತು, ಮೂತಿ ಮ್ಯಾಲ ಎದ್ದಿತು, ಲೈಟ್ ನೆಟ್ಟಗ ಎದುರಿನವರ ಕಣ್ಣಿಗೆ ಹೊಡೀತು. ಇದಕ್ಕ ಕಾರಿನಾಗನ ಪರಿಹಾರ ಐತಿ, ಸ್ಟೇರಿಂಗಿನ ಬಲಕ್ಕ ಮೊಣಕಾಲಿನ ಹತ್ರ ಲೈಟಿನ ಚಿತ್ರ ಇರೋ ಒಂದು ಸಣ್ಣ ಚಕ್ರ, 0, 1, 2, 3 ಅಂತ ಅಂಕಿ. ಅದನ್ನ ಲೈಟಿನ ಬೆಳಕು ಜಾಸ್ತಿ ಮಾಡೋದು ಅಂತ ಭಾಳ ಮಂದಿ ತಿಳ್ಕೊಂಡಾರ, ಅಲ್ಲ. ಸೊನ್ನಿ ಅಂದ್ರ ಬೆಳಕು ಎಲ್ಲಾದಕ್ಕಿಂತ ಮ್ಯಾಲ, ಡ್ರೈವರ್ ಒಬ್ಬ ಇದ್ದಾಗ. ಅಂಕಿ ಏರಿದಂಗ ಬೆಳಕು ಕೆಳಗ ಇಳೀತೈತಿ, ಹಿಂದ ಮಂದಿ ಕೂತ್ರ 1, ಮಂದಿ ಮತ್ತ ಮಾಲು ಎರಡೂ ಇದ್ರ 2, ಡ್ರೈವರ್ ಒಬ್ಬ ಕೂತು ಡಿಕ್ಕಿ ತುಂಬ ಮಾಲು ಇದ್ರ ಹೆಚ್ಚಾಗಿ 3, ನಿಮ್ಮ ಗಾಡಿ ಪುಸ್ತಕದಾಗ ಪಟ್ಟಿ ಇರ್ತೈತಿ. ಕೆಲವು ದುಬಾರಿ ಗಾಡಿಯಾಗ ತಾನ ಇಳ್ಕೋತೈತಿ, ಅದರಾಗ ಈ ಚಕ್ರ ಇರಂಗಿಲ್ಲ. ರಾತ್ರಿ ಮನಿ ಗೋಡಿ ಮುಂದ ಗಾಡಿ ನಿಲ್ಲಿಸಿ ತಿರುಗಿಸಿ ನೋಡ್ರಿ, ಗೋಡಿ ಮ್ಯಾಲ ಬೆಳಕಿನ ಗೆರಿ ಇಳಿಯೋದು ಕಣ್ಣಿಗೆ ಕಾಣ್ತೈತಿ. ಗೆರಿ ಅಲ್ಲಾಡ್ಲಿಲ್ಲಂದ್ರ ಲೈಟಿನ ಒಳಗಿನ ಸಣ್ಣ ಮೋಟರ್ ಹೋಗಿರ್ತೈತಿ, ಅಥವಾ ಹಳೇ ಮಾಲಕರು ಹೊರಗಿನ ಲೈಟ್ ಹಾಕಿಸಿ ವೈರ್ ಹಚ್ಚದ ಬಿಟ್ಟಿರ್ತಾರ, ತೋರಿಸ್ಕೊಂಡು ಬರ್ರಿ. ಮತ್ತ ಚೀಲ ಇಳಿಸಿದ ಮ್ಯಾಲ ಮರೀದ ಸೊನ್ನಿಗೆ ತರ್ರಿ, ಇಲ್ಲಂದ್ರ ಮರುದಿನ ರಾತ್ರಿ ಖಾಲಿ ಗಾಡಿಯಾಗ ನಿಮಗ ರಸ್ತಿ ನಾಕು ಮಾರು ಮುಂದ ಅಷ್ಟ ಕಾಣ್ತೈತಿ, ಆವಾಗ ಬಲ್ಬ್ ವೀಕ್ ಆಗೈತಿ ಅಂತ ಹೊಸ ಬಲ್ಬಿಗೆ ದುಡ್ಡು ಹಾಕ್ತೀರಿ.